ಬರ್ ಏಳುವ ಮೊದಲು ಕಲ್ಲು ಬದಲಿಸಬೇಡಿ

"ಈ ಉಕ್ಕಿಗೆ ಹರಿತವೇ ಬರುವುದಿಲ್ಲ" ಎಂದು ಬೇಟೆ ಚಾಕು ತಂದುಕೊಡುವವರ ಕೈಯಲ್ಲಿ ಹೆಚ್ಚಾಗಿ ಒಳ್ಳೆಯ ಉಕ್ಕೇ ಇರುತ್ತದೆ. ಡಿ2, ಎಸ್30ವಿ, ಎಂ390 ಎಂಬ ಉಕ್ಕುಗಳು, ಎಲ್ಲವೂ ಗಡಸುತನ ಅಳೆಯುವ ರಾಕ್‌ವೆಲ್ ಮಾಪಕದಲ್ಲಿ 60ರ ಆಸುಪಾಸು. ಗಂಟೆಗಟ್ಟಲೆ ಉಜ್ಜಿ ಅಲಗು ಮಿರಮಿರ ಮಿಂಚುತ್ತಿರುತ್ತದೆ, ಕಾಗದ ಮಾತ್ರ ಹರಿಯುವುದಿಲ್ಲ. ಭೂತಗನ್ನಡಿ ಹಿಡಿದರೆ ಕಾರಣ ಕಾಣುತ್ತದೆ: ಉಜ್ಜಿದ ಇಳಿಜಾರು ಬಾಯಿಯ ತುದಿಯನ್ನು ಮುಟ್ಟಿಯೇ ಇಲ್ಲ.

ಮೊಂಡಾದ ಬಾಯಿಯ ತುದಿ ದುಂಡಗಾಗಿರುತ್ತದೆ. ಎರಡೂ ಬದಿಯ ಇಳಿಜಾರು ಒಂದೇ ಗೆರೆಯಲ್ಲಿ ಸೇರುವವರೆಗೆ ಆ ದುಂಡು ಸವೆಯಬೇಕು. ಸೇರಿತೆಂದು ತಿಳಿಸುವುದು ಬರ್ ಒಂದೇ, ಅಂದರೆ ಉಜ್ಜಿದ ಬದಿಯ ಎದುರು ಬದಿಗೆ ಮಡಚಿಕೊಳ್ಳುವ ಲೋಹದ ತೆಳು ಏಣು. ಗಡಸು ಉಕ್ಕಿನಲ್ಲಿ ಅದು ತೀರ ಚಿಕ್ಕದು, ಆದ್ದರಿಂದಲೇ ಜನ ಅದನ್ನು ಕಾಯುವುದಿಲ್ಲ. ಬೆನ್ನಿನಿಂದ ಬಾಯಿಯ ಕಡೆಗೆ, ಬಾಯಿಯಾಚೆಗೆ ಹೆಬ್ಬೆರಳನ್ನು ಹಗುರವಾಗಿ ಸರಿಸಿ. ಬಾಯಿಯ ಉದ್ದಕ್ಕೂ ಎಂದೂ ಬೇಡ. ಬೆರಳಿಗೆ ತಿಳಿಯದಿದ್ದರೆ ಹತ್ತಿ ಸವರಿ, ಎಳೆ ಸಿಕ್ಕಿಕೊಳ್ಳುತ್ತದೆ. ಹಿಡಿಯ ಬುಡದಿಂದ ಮೊನೆಯವರೆಗೂ ಬರ್ ಸಿಗಬೇಕು. ತಪ್ಪಿಹೋಗುವುದು ಸಾಮಾನ್ಯವಾಗಿ ಮೊನೆಯ ಹತ್ತಿರದ ಬಾಗಿನಲ್ಲಿ. ಎಷ್ಟು ಸಲ ಉಜ್ಜಬೇಕೆಂದು ಕೇಳುತ್ತಾರೆ. ಲೆಕ್ಕವಿಲ್ಲ, ಬರ್ ಏಳುವವರೆಗೆ. ಅದಕ್ಕೂ ಮೊದಲು ನಯ ಕಲ್ಲಿಗೆ ಹೋದರೆ ದುಂಡಗಿನ ತುದಿಗೆ ಹೊಳಪು ಕೊಟ್ಟಂತಷ್ಟೇ.

ಕೋನ ಬದಿಗೆ ಸುಮಾರು 20 ಡಿಗ್ರಿ. ತಯಾರಕರು ಬೇರೆ ಹೇಳಿದ್ದರೆ ಅದೇ ಇರಲಿ. ಇಳಿಜಾರಿಗೆ ಮಾರ್ಕರ್ ಬಳಿದು ಒಂದೆರಡು ಸಲ ಉಜ್ಜಿ ನೋಡಿ. ತುದಿಯಲ್ಲಿ ಮಸಿ ಉಳಿದರೆ ಬೆನ್ನನ್ನು ತುಸು ಎತ್ತಬೇಕು.

ವನೇಡಿಯಂ ಹೆಚ್ಚಿರುವ ಉಕ್ಕಿನ ಕಾರ್ಬೈಡ್ ಕಣಗಳು ಸಾಮಾನ್ಯ ಅಲ್ಯೂಮಿನಿಯಂ ಆಕ್ಸೈಡ್ ಕಲ್ಲಿಗಿಂತ ಗಟ್ಟಿ. ಅಂಥದ್ದಕ್ಕೆ ವಜ್ರದ ಕಣ ಕೂರಿಸಿದ ಪಟ್ಟಿಯೇ ಬೇಕು: 400 ಗ್ರಿಟ್, ನಂತರ 600, 1000 (ಸಂಖ್ಯೆ ಹೆಚ್ಚಿದಷ್ಟೂ ಪಟ್ಟಿ ನಯ). ಒತ್ತಬೇಡಿ, ಒತ್ತಿದರೆ ಪಟ್ಟಿಯಿಂದ ವಜ್ರದ ಕಣಗಳೇ ಕಿತ್ತುಬರುತ್ತವೆ.

ಎಬ್ಬಿಸಿದ ಬರ್ ತೆಗೆಯುವುದೂ ಅಷ್ಟೇ ಮುಖ್ಯ. ಕೊನೆಯ ಪಟ್ಟಿಯ ಮೇಲೆ ಬಾಯಿ ಮುಂದಾಗಿ, ಬದಿ ಬದಲಿಸುತ್ತಾ ಒಂದೊಂದೇ ಎಳೆತ, ಚಾಕುವಿನ ತೂಕವಷ್ಟೇ ಸಾಕು. ಆಮೇಲೆ 1 ಮೈಕ್ರಾನ್ ವಜ್ರದ ಪೇಸ್ಟ್ ಹಚ್ಚಿದ ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ ಬದಿಗೆ ಎಂಟು ಹತ್ತು ಎಳೆತ. ಬರ್ ಉಳಿದರೂ ಚಾಕು ಕೂದಲು ಬೋಳಿಸೀತು, ಆದರೆ ಗಟ್ಟಿ ವಸ್ತು ತಗುಲಿದೊಡನೆ ಅದು ಮಡಚಿ ಬಾಯಿ ಸತ್ತುಹೋಗುತ್ತದೆ. ಆಗ ಬೈಗುಳ ಉಕ್ಕಿಗೆ.

ತಾಳ್ಮೆ ಕೆಟ್ಟು ಗ್ರೈಂಡರ್ ಚಕ್ರಕ್ಕೆ ಕೊಡುವವರಿಗೆ ಕೈಮುಗಿದು ಹೇಳುತ್ತೇನೆ, ಬೇಡ. ತೆಳು ತುದಿ ಕ್ಷಣದಲ್ಲಿ ಕಾಯುತ್ತದೆ, ಆಗ ಅಲಗಿನ ಮೈ ಕೈಗೆ ತಣ್ಣಗೇ ಇರಬಹುದು. ನೀಲಿ ಬಣ್ಣ ಬಂತೆಂದರೆ ಶಾಖ ಸುಮಾರು 300 ಡಿಗ್ರಿ ಸೆಲ್ಸಿಯಸ್ ತಲುಪಿದೆ; 200ರ ಸುಮಾರಿಗೆ ಹದಗೊಳಿಸಿದ ಉಕ್ಕು ಅಲ್ಲಿ ಮೆತ್ತಗಾಗಿರುತ್ತದೆ. ನೀರಲ್ಲಿ ಅದ್ದಿದರೆ ಹದ ಮರಳದು.

ಅಡುಗೆಮನೆಯಲ್ಲಿ ಚಾಕು ತೀಡುವ ಉಕ್ಕಿನ ಕಡ್ಡಿಯನ್ನೂ ಇದಕ್ಕೆ ಬಳಸಬೇಡಿ, ಗಡಸು ಬಾಯಿ ಬಾಗುವ ಬದಲು ಸಣ್ಣಸಣ್ಣದಾಗಿ ಒಡೆಯಬಹುದು. ಇನ್ನು ಡಿ2ನಲ್ಲಿ ಕ್ರೋಮಿಯಂ ಸುಮಾರು 12 ಶೇಕಡ ಇದ್ದರೂ ತುಕ್ಕು ಹಿಡಿಯುತ್ತದೆ. ರಕ್ತ ಒಣಗುವ ಮೊದಲೇ ತೊಳೆದು ಒರೆಸಿ, ಮಿನರಲ್ ಆಯಿಲ್ ಸವರಿ, ತೇವ ಹಿಡಿದಿಡುವ ಚರ್ಮದ ಒರೆಯಿಂದ ಹೊರಗಿಡಿ.