ಅಂಚಿನ ಕಪ್ಪು ಗೆರೆಗೆ ಸಾಫ್ಟ್‌ವೇರ್ ಕಾರಣವಲ್ಲ

ಮುಂಬೈಗೆ ವಿಎಫ್‌ಎಕ್ಸ್ (ಸಿನಿಮಾದ ದೃಶ್ಯ ಪರಿಣಾಮಗಳ) ಕೆಲಸ ಹುಡುಕಿ ಬರುವ ನಮ್ಮ ಕಡೆಯ ಹುಡುಗರು ಮೊದಲು ಕೇಳುವುದು ಇದನ್ನೇ: ನ್ಯೂಕ್ ತಗೊಳ್ಳಲಾ, ಫ್ಯೂಷನ್ ಸಾಕಾ, ಆಫ್ಟರ್ ಎಫೆಕ್ಟ್ಸ್‌ನಲ್ಲೇ ಇರಲಾ? ಮೂರೂ ಚಿತ್ರಗಳನ್ನು ಒಟ್ಟು ಸೇರಿಸುವ ಸಾಫ್ಟ್‌ವೇರ್‌ಗಳೇ. ಬದಲಿಸುವ ಅಗತ್ಯ ಏನಪ್ಪಾ ಅಂದರೆ, ಹೆಚ್ಚಿನವರದು ಒಂದೇ ದೂರು. ಕಂಪ್ ಮಾಡಿದಾಗ, ಅಂದರೆ ಪಾತ್ರವನ್ನು ಬೇರೆ ಹಿನ್ನೆಲೆಯ ಮೇಲೆ ಕೂರಿಸಿದಾಗ, ಅದರ ಸುತ್ತ ಕಪ್ಪು ಗೆರೆ ಕಾಣುತ್ತದೆ.

ಕುಂದಾಪುರದ ಒಬ್ಬ ಹುಡುಗ ಗೋರೆಗಾಂವ್‌ನಲ್ಲಿ ನನ್ನೆದುರು ಲ್ಯಾಪ್‌ಟಾಪ್ ತೆರೆದಿಟ್ಟ. "ಅಣ್ಣ, ಇದು ಆಫ್ಟರ್ ಎಫೆಕ್ಟ್ಸ್‌ದೇ ತೊಂದರೆ ಅಲ್ವಾ?" ನ್ಯೂಕ್ ಲೈಸೆನ್ಸಿಗೆ ಸಾಲ ಮಾಡಲು ಹೊರಟಿದ್ದ. ನಾನು ಅವನ ತ್ರೀಡಿ ರೆಂಡರ್‌ನ (ಕಂಪ್ಯೂಟರ್ ತಯಾರಿಸಿದ ಚಿತ್ರದ) 'ಇಂಟರ್‌ಪ್ರೆಟ್ ಫೂಟೇಜ್' ಸೆಟ್ಟಿಂಗ್ ತೆಗೆದು ನೋಡಿದೆ. ಆಲ್ಫಾ, ಅಂದರೆ ಪಿಕ್ಸೆಲ್ ಹಿನ್ನೆಲೆಯನ್ನು ಎಷ್ಟು ಮುಚ್ಚುತ್ತದೆ ಎಂಬ ಅಂಕೆ, 'ಸ್ಟ್ರೈಟ್' (ಬಣ್ಣಕ್ಕೆ ಇನ್ನೂ ಗುಣಿಸದ್ದು) ಅಂತಿತ್ತು. 'ಪ್ರೀಮಲ್ಟಿಪ್ಲೈಡ್' (ಮೊದಲೇ ಗುಣಿಸಿದ್ದು) ಮಾಡಿದೆ, ಗೆರೆ ಹೋಯಿತು. ಸಾಲದ ಮಾತೂ ಅಲ್ಲಿಗೇ ನಿಂತಿತು, ನನಗೂ ನಿರಾಳವಾಯಿತು.

ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಕೂದಲಿನ ಅಂಚಿನ ಒಂದು ಪಿಕ್ಸೆಲ್ ತಗೊಳ್ಳಿ. ಬಣ್ಣ 0.8 (ಸೊನ್ನೆ ಅಂದರೆ ಕಪ್ಪು, 1 ಅಂದರೆ ಪೂರ್ತಿ ಬೆಳಕು), ಆಲ್ಫಾ 0.5 (ಅರ್ಧ ಮಾತ್ರ ಮುಚ್ಚುತ್ತದೆ). ತ್ರೀಡಿ ರೆಂಡರ್‌ಗಳು ಸಾಮಾನ್ಯವಾಗಿ ಇವೆರಡನ್ನೂ ಗುಣಿಸಿ 0.4 ಎಂದೇ ಬರೆದಿಡುತ್ತವೆ. ಅದನ್ನು ಸ್ಟ್ರೈಟ್ ಅಂದುಕೊಂಡರೆ ಸಾಫ್ಟ್‌ವೇರ್ ಮತ್ತೊಮ್ಮೆ ಗುಣಿಸುತ್ತದೆ, 0.2 ಆಗುತ್ತದೆ. ಬೆಳಕು ಅರ್ಧಕ್ಕಿಳಿದ ಆ ಅಂಚೇ ನಿಮ್ಮ ಕಪ್ಪು ಗೆರೆ.

ಬಣ್ಣ ತಿದ್ದುವಾಗಲೂ ಇದೇ ಕಥೆ. ಆ 0.4ಕ್ಕೆ ನೇರವಾಗಿ 0.1 ಸೇರಿಸಿದರೆ 0.5. ಸರಿಯಾದ ದಾರಿ ಬೇರೆ: ಮೊದಲು ಆಲ್ಫಾದಿಂದ ಭಾಗಿಸಿ, 0.8ಕ್ಕೆ 0.1 ಸೇರಿಸಿ, ಮತ್ತೆ ಗುಣಿಸಿ. ಬರುವುದು 0.45. ಅದಕ್ಕೇ ತಪ್ಪಾಗಿ ತಿದ್ದಿದ ಅಂಚು ಹೊಳೆಯುತ್ತದೆ. ಆಲ್ಫಾ ಸೊನ್ನೆ ಇರುವ ಖಾಲಿ ಜಾಗಕ್ಕೂ 0.1 ಸೇರಿ ಹಿನ್ನೆಲೆಯೆಲ್ಲ ಮಬ್ಬಾಗುತ್ತದೆ. ನ್ಯೂಕ್‌ನಲ್ಲಿ ಇದಕ್ಕೆ ಅನ್‌ಪ್ರೀಮಲ್ಟ್ (ಭಾಗಿಸಲು), ಪ್ರೀಮಲ್ಟ್ (ಗುಣಿಸಲು) ಎಂಬ ನೋಡ್‌ಗಳಿವೆ. ಫ್ಯೂಷನ್‌ನ ಕಲರ್ ಕರೆಕ್ಟರ್‌ನಲ್ಲಿ 'ಪ್ರೀ-ಡಿವೈಡ್ / ಪೋಸ್ಟ್-ಮಲ್ಟಿಪ್ಲೈ' ಎಂಬ ಟಿಕ್ ಇದೆ. ಲೆಕ್ಕ ಎಲ್ಲಾ ಕಡೆ ಒಂದೇ. ಇದು ಗೊತ್ತಿಲ್ಲದೆ ನ್ಯೂಕ್‌ಗೆ ಹೋದರೆ ಅದೇ ತಪ್ಪು ಅಲ್ಲೂ ಆಗುತ್ತದೆ, ದುಡ್ಡು ಮಾತ್ರ ಜಾಸ್ತಿ ಹೋಗುತ್ತದೆ.

ಆ್ಯಪಲ್ 2009ರಲ್ಲಿ ಶೇಕ್ ಎಂಬ ಕಂಪ್ ಸಾಫ್ಟ್‌ವೇರ್ ನಿಲ್ಲಿಸಿದಾಗ ಅದನ್ನೇ ನಂಬಿದ್ದ ಎಷ್ಟೋ ಕಂಪೋಸಿಟರ್‌ಗಳು ನ್ಯೂಕ್‌ಗೆ ಬಂದರು. ಬಟನ್‌ಗಳು ಬದಲಾದವು, ಈ ಲೆಕ್ಕ ಬದಲಾಗಲಿಲ್ಲ.

ಹಾಗಾದರೆ ಯಾವುದನ್ನು ಆರಿಸುವುದು? ನಿಮ್ಮ ಶಾಟ್ ಯಾರ ಕೈಗೆ ಹೋಗುತ್ತದೆ, ಅದನ್ನು ನೋಡಿ. ಸಿನಿಮಾ ಕೆಲಸ ಮಾಡುವ ದೊಡ್ಡ ಸ್ಟುಡಿಯೋ ಸೇರಬೇಕಾದರೆ ನ್ಯೂಕ್ ಬರಲೇಬೇಕು. ಅಲ್ಲಿ ನಿಮ್ಮ ಸ್ಕ್ರಿಪ್ಟನ್ನು (ನ್ಯೂಕ್‌ನ ಪ್ರಾಜೆಕ್ಟ್ ಫೈಲನ್ನು) ಇನ್ನೊಬ್ಬರು ತೆರೆದು ಮುಂದುವರಿಸುತ್ತಾರೆ. ಟೈಟಲ್, ಮೋಷನ್ ಗ್ರಾಫಿಕ್ಸ್ ಹೆಚ್ಚಿದ್ದರೆ ಆಫ್ಟರ್ ಎಫೆಕ್ಟ್ಸ್ ಬಿಡಬೇಡಿ. ಒಬ್ಬರೇ ಎಡಿಟ್, ಕಲರ್, ಕಂಪ್ ಮೂರನ್ನೂ ಮಾಡುವವರಿಗೆ 2018ರಿಂದ ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನ ಒಳಗೇ ಫ್ಯೂಷನ್ ಇದೆ, ಉಚಿತ ಆವೃತ್ತಿಯಲ್ಲೂ.

ಕಲಿಯಲು ನ್ಯೂಕ್‌ನ ನಾನ್-ಕಮರ್ಷಿಯಲ್ ಆವೃತ್ತಿ ಸಾಕು. ಔಟ್‌ಪುಟ್ 1920×1080 ಮೀರುವುದಿಲ್ಲ, ಅದರಲ್ಲಿ ದುಡ್ಡಿನ ಕೆಲಸ ಮಾಡುವಂತಿಲ್ಲ. ಲೈಸೆನ್ಸ್ ಷರತ್ತು, ಬೆಲೆ ಬದಲಾಗುತ್ತಿರುತ್ತವೆ. ಕೊಳ್ಳುವ ದಿನ ಕಂಪನಿಯ ಪುಟದಲ್ಲೇ ಓದಿಕೊಳ್ಳಿ.