ಚೆನ್ನೆಮಣೆಯ ಹಳೆಯ ಗುಳಿಗಳು

ತುಳುವರ ಆಟಿ ತಿಂಗಳ ಮಳೆ ಹಿಡಿದು ಕೂತಿತೆಂದರೆ ಉಡುಪಿಯ ನಮ್ಮ ಮನೆಯಲ್ಲಿ ಚೆನ್ನೆಮಣೆ ಅಟ್ಟದಿಂದ ಇಳಿಯುತ್ತದೆ. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಮಂಜೊಟ್ಟಿ ಕಾಯಿ. ಒಟ್ಟು 56. ಒಂದು ಗುಳಿಯ ಕಾಯಿಗಳನ್ನೆಲ್ಲ ಬಾಚಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗಬೇಕು. ಹಾಕಿ ಮುಗಿದ ಮೇಲೆ, ಮೊದಲು ಎಲ್ಲಿ ಎಷ್ಟಿತ್ತು ಎಂಬುದಕ್ಕೆ ಗುರುತೇ ಉಳಿಯುವುದಿಲ್ಲ. ಜಗಳಕ್ಕೆ ಅಷ್ಟೇ ಸಾಕು. ತುಳುವಿನ ಹಾಡುಗತೆಯಾದ ಸಿರಿ ಪಾಡ್ದನದ ಅವಳಿಗಳಾದ ಅಬ್ಬಗ-ದಾರಗರ ಸಾವಿನಲ್ಲಿ ಮುಗಿದ ಜಗಳ ಹುಟ್ಟಿದ್ದೂ ಈ ಮಣೆಯ ಮುಂದೆಯೇ.

ಕಳೆದ ಆಟಿಯಲ್ಲಿ ಅಕ್ಕನ ಮಗಳಿಗಾಗಿ ಇದೇ ಆಟವನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದೆ. ಮಣೆಯೆಂದರೆ 14 ಸಂಖ್ಯೆಗಳ ಪಟ್ಟಿ. ಎದುರಾಳಿ ಕಂಪ್ಯೂಟರು, ತನ್ನ ಸರದಿ ಬಂದಾಗ ಒಂದೊಂದು ಗುಳಿಯನ್ನೂ ಒಳಗೊಳಗೇ ಆಡಿ ನೋಡಿ, ಲಾಭದ್ದನ್ನು ಆರಿಸಬೇಕು. ಹತ್ತು ನಿಮಿಷವಾಗಿರಲಿಲ್ಲ, ಅವಳು ಕೂಗಿದಳು: “ಮಾವ, ಈ ಗುಳಿಯಲ್ಲಿ ಐದಿತ್ತು. ನಾನು ಮುಟ್ಟಲೇ ಇಲ್ಲ, ಈಗ ಎರಡೇ ಉಂಟು!”

ಕಾರಣ ಸಿಗುವಾಗ ರಾತ್ರಿಯಾಗಿತ್ತು. ಆಡಿ ನೋಡುವ ಮೊದಲು ‘ಪ್ರತಿ = ಮಣೆ’ ಎಂದು ಬರೆದಿದ್ದೆ. ಪೈಥಾನಿನಲ್ಲಿ ಇಷ್ಟಕ್ಕೆ ಹೊಸ ಪಟ್ಟಿ ಹುಟ್ಟುವುದಿಲ್ಲ, ಇದ್ದ ಪಟ್ಟಿಗೇ ಇನ್ನೊಂದು ಹೆಸರು ಬೀಳುತ್ತದೆ. ಕಂಪ್ಯೂಟರು ಯೋಚಿಸಿದಾಗಲೆಲ್ಲ ಕಾಯಿಗಳು ಹುಡುಗಿಯ ಮಣೆಯಲ್ಲೇ ಓಡಾಡುತ್ತಿದ್ದವು. ಆ ಒಂದು ಸಾಲನ್ನು ತಿದ್ದಬಹುದಿತ್ತು. ಆದರೆ ಮಣೆಯನ್ನು ಯಾರು ಬೇಕಾದರೂ ಕದಲಿಸಬಹುದಾದ ಪ್ರೋಗ್ರಾಮಿನಲ್ಲಿ ನಾಳೆ ಇನ್ನೊಂದು ಕಡೆ ಇದೇ ತಪ್ಪು ನುಸುಳುತ್ತದೆ.

ಹಾಗಾಗಿ ಫಂಕ್ಷನಲ್ ಪ್ರೋಗ್ರಾಮಿಂಗ್ ದಾರಿ ಹಿಡಿದೆ: ಇದ್ದುದನ್ನು ತಿದ್ದದೆ, ಹೊಸದನ್ನು ಲೆಕ್ಕ ಹಾಕಿ ಕೊಡುವ ಫಂಕ್ಷನ್‌ಗಳಿಂದ ಪ್ರೋಗ್ರಾಮು ಕಟ್ಟುವ ದಾರಿ. ಇದರ ಬೇರು 1930ರ ದಶಕದಲ್ಲಿ ಗಣಿತಜ್ಞ ಅಲೊಂಜೊ ಚರ್ಚ್ ಕಟ್ಟಿದ, ಫಂಕ್ಷನ್‌ಗಳಿಂದಲೇ ಲೆಕ್ಕ ಮಾಡುವ ಪದ್ಧತಿಯಾದ ಲ್ಯಾಂಬ್ಡಾ ಕಲನದಲ್ಲಿದೆ. ಈಗ ‘ನಡೆ’ ಎಂಬ ಫಂಕ್ಷನ್ ಮಣೆಯನ್ನೂ ಗುಳಿಯ ಸಂಖ್ಯೆಯನ್ನೂ ಪಡೆದು ಹೊಸ ಮಣೆಯೊಂದನ್ನು ಕೊಡುತ್ತದೆ. ಹಳೆಯದು ಹಾಗೇ ಇರುತ್ತದೆ. ಪಟ್ಟಿಯ ಬದಲು ಟಪಲ್ ಬಳಸಿದೆ. ಒಮ್ಮೆ ಮಾಡಿದ ಟಪಲಿನೊಳಗಿನ ಸಂಖ್ಯೆಯನ್ನು ಬದಲಿಸಲು ಪೈಥಾನೇ ಬಿಡುವುದಿಲ್ಲ. ಕಂಪ್ಯೂಟರು ಎಷ್ಟು ಮುಂದಾಲೋಚನೆ ಮಾಡಿದರೂ ಹುಡುಗಿಯ ಕಾಯಿ ಅಲುಗದು. ಯಾವುದೇ ನಡೆಯ ನಂತರ ಗುಳಿಗಳಲ್ಲಿರುವುದೂ ಗೆದ್ದದ್ದೂ ಸೇರಿ 56 ಆಗಲೇಬೇಕಲ್ಲ, ಅದನ್ನು ಸಾವಿರಾರು ಯಾದೃಚ್ಛಿಕ ಮಣೆಗಳ ಮೇಲೆ ಪರೀಕ್ಷಿಸುವುದೂ ಸುಲಭವಾಯಿತು. ಹ್ಯಾಸ್ಕೆಲ್ ಎಂಬ ಫಂಕ್ಷನಲ್ ಭಾಷೆಯ ಪರೀಕ್ಷಾ ಸಾಧನ ಕ್ವಿಕ್‌ಚೆಕ್ 2000ದಲ್ಲಿ ತೋರಿಸಿಕೊಟ್ಟ ವಿಧಾನ ಇದು.

ಪ್ರತಿ ನಡೆಗೂ ಹೊಸ ಮಣೆಯೆಂದರೆ ದುಂದಲ್ಲವೇ? 14 ಸಂಖ್ಯೆಗಳಿಗೆ ಅದೊಂದು ಲೆಕ್ಕವೇ ಅಲ್ಲ. ದೊಡ್ಡ ದತ್ತಾಂಶಕ್ಕೆ ಕ್ಲೋಜರ್ ಭಾಷೆ ಮಾಡುವ ಉಪಾಯ ನನಗೆ ಬಹಳ ಇಷ್ಟ. ಗಂಟಿಗೆ 32 ಕವಲುಗಳಿರುವ ಮರದಲ್ಲಿ ಅದು ಅಂಶಗಳನ್ನು ಜೋಡಿಸುತ್ತದೆ. ನಾಲ್ಕು ಹಂತಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಅಂಶಗಳು ಹಿಡಿಯುತ್ತವೆ. ಒಂದು ಅಂಶ ಬದಲಾದರೆ ಬೇರಿನಿಂದ ಆ ಎಲೆಯವರೆಗಿನ ನಾಲ್ಕು ಗಂಟುಗಳನ್ನಷ್ಟೇ ಹೊಸದಾಗಿ ಮಾಡುತ್ತದೆ. ಉಳಿದ ಮರವನ್ನು ಹಳೆಯದೂ ಹೊಸದೂ ಹಂಚಿಕೊಳ್ಳುತ್ತವೆ. ಹಳೆಯದನ್ನು ಯಾರೂ ತಿದ್ದುವುದಿಲ್ಲವಾದ್ದರಿಂದ ಹಂಚಿಕೆಗೆ ಅಂಜಿಕೆಯಿಲ್ಲ.

ಬದಲಾವಣೆ ಪೂರ್ತಿ ಮಾಯವಾಗಲಿಲ್ಲ, ಆಗಲೂಬಾರದು. ಪರದೆಯಲ್ಲಿ ಕಾಯಿ ಸರಿಯಲೇಬೇಕು. ಅದನ್ನು ಹೊರಗಿನ ಒಂದೇ ಲೂಪಿಗೆ ತಂದಿಟ್ಟೆ. ‘ಈಗಿನ ಮಣೆ ಯಾವುದು’ ಎಂಬುದು ಅಲ್ಲಿ ಮಾತ್ರ ಬದಲಾಗುತ್ತದೆ. ಮೊದಲ ಮಣೆಯೂ ಆಡಿದ ಗುಳಿಗಳ ಸಂಖ್ಯೆಗಳೂ ಇದ್ದರೆ ಇಡೀ ಆಟವನ್ನು ಮತ್ತೆ ಕಟ್ಟಬಹುದು.

ಮೊನ್ನೆ ಸೋತ ಮೇಲೆ ಅವಳು ಒಂಬತ್ತನೇ ನಡೆಗೆ ಹಿಂದೆ ಹೋಗಿ ಬೇರೆ ಗುಳಿ ಬಾಚಿದಳು. ಸೋತ ಆಟ ಪಕ್ಕದಲ್ಲಿ ಹಾಗೆಯೇ ಇತ್ತು, ಒಂದು ಕಾಯಿಯೂ ಅಲುಗದೆ.