ಗದ್ದಲದ ಹಿಂದೆ ಯಾವ ನಿಯಮ ಇದೆ? ಸಂಸತ್ತಿನ ಕಲಾಪ ಓದುವವರಿಗೆ ಟಿಪ್ಪಣಿ

ಸಂಸತ್ತಿನಲ್ಲಿ ಗಲಾಟೆ ಆದ ದಿನ ಸುದ್ದಿಯಲ್ಲಿ ಸಿಗುವುದು ಎರಡೇ ಸಾಲು: ಪ್ರತಿಪಕ್ಷಗಳ ಕೋಲಾಹಲ, ಕಲಾಪ ಮುಂದೂಡಿಕೆ. ಅಷ್ಟನ್ನೇ ಓದಿಕೊಂಡು ಪರೀಕ್ಷೆಯಲ್ಲಿ "ಸದನದ ಘನತೆ ಕುಸಿಯುತ್ತಿದೆ" ಅಂತ ನಾಲ್ಕು ಪುಟ ಬರೆಯಬಹುದು, ಆದರೆ ಅದರಲ್ಲಿ ವಿಷಯ ಏನೂ ಇರುವುದಿಲ್ಲ. ಯಾರು ಯಾವ ನಿಯಮದಡಿ ಏನು ಕೇಳಿದರು, ಪೀಠ (ಅಂದರೆ ಸದನ ನಡೆಸುತ್ತಿರುವ ಸ್ಪೀಕರ್ ಅಥವಾ ಸಭಾಪತಿ) ಅದಕ್ಕೆ ಏನು ಹೇಳಿತು, ಆಮೇಲೆ ಯಾರು ಬಾವಿಗೆ, ಅಂದರೆ ಪೀಠದ ಎದುರಿನ ಖಾಲಿ ಜಾಗಕ್ಕೆ, ಇಳಿದರು ಅನ್ನುವುದನ್ನು ಇದೇ ಕ್ರಮದಲ್ಲಿ ನೋಡಬೇಕು. ಶಿಸ್ತು ಒಂದು ಅಧ್ಯಾಯ, ಕಾರ್ಯವಿಧಾನ ಇನ್ನೊಂದು ಅಧ್ಯಾಯ ಅಂತ ಬೇರೆ ಬೇರೆ ಓದಿದರೆ ಎರಡೂ ತಲೆಗೆ ಹತ್ತುವುದಿಲ್ಲ. ದೊಡ್ಡ ಗದ್ದಲಗಳಲ್ಲಿ ಬಹಳಷ್ಟು ಶುರುವಾಗಿರುವುದು ಒಂದು ಕಾರ್ಯವಿಧಾನದ ಬೇಡಿಕೆಗೆ ಬಾಗಿಲು ಮುಚ್ಚಿದ ಜಾಗದಲ್ಲೇ. ಈ ಟಿಪ್ಪಣಿ ಪೂರ್ತಿ ಆ ದೃಷ್ಟಿಯಿಂದ ಬರೆದದ್ದು.

ಮೊದಲು ಸಂವಿಧಾನ, ಬೇಗ ಮುಗಿಸೋಣ. 118ನೇ ವಿಧಿ ಪ್ರಕಾರ ಪ್ರತಿ ಸದನವೂ ತನ್ನ ನಿಯಮಗಳನ್ನು ತಾನೇ ಮಾಡಿಕೊಳ್ಳುತ್ತದೆ. ಹಾಗಾಗಿ ಲೋಕಸಭೆಯ ನಿಯಮ ಪುಸ್ತಕ ಬೇರೆ, ರಾಜ್ಯಸಭೆಯದು ಬೇರೆ. ಸಂಖ್ಯೆಗಳೂ ಬೇರೆ, ಇಲ್ಲೇ ಬಹಳ ಜನ ಎಡವುತ್ತಾರೆ. 105ನೇ ವಿಧಿ ಸದನದೊಳಗೆ ಮಾತನಾಡುವ ಸ್ವಾತಂತ್ರ್ಯ ಕೊಡುತ್ತದೆ. ಆದರೆ 121ನೇ ವಿಧಿ ಒಂದು ಗೆರೆ ಎಳೆಯುತ್ತದೆ: ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟ್ ನ್ಯಾಯಮೂರ್ತಿಗಳು ಕರ್ತವ್ಯದಲ್ಲಿ ಹೇಗೆ ನಡೆದುಕೊಂಡರು ಅಂತ ಚರ್ಚಿಸುವ ಹಾಗಿಲ್ಲ, ಅವರನ್ನು ತೆಗೆಯುವ ಗೊತ್ತುವಳಿ ಮುಂದಿದ್ದರೆ ಮಾತ್ರ ಆಗುತ್ತದೆ. 122ನೇ ವಿಧಿ, ಕಾರ್ಯವಿಧಾನದಲ್ಲಿ ಲೋಪ ಆಯಿತು ಅನ್ನುವ ಕಾರಣಕ್ಕೆ ಕೋರ್ಟ್ ಕಲಾಪವನ್ನು ಪ್ರಶ್ನಿಸಬಾರದು ಅನ್ನುತ್ತದೆ. ಈ 122 ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಈಗ ಕ್ರಿಯಾಲೋಪ. ಟಿವಿಯಲ್ಲಿ ಸದಸ್ಯರು ದಿಢೀರ್ ಎದ್ದು "ಪಾಯಿಂಟ್ ಆಫ್ ಆರ್ಡರ್" ಅಂತ ಕೂಗುವುದನ್ನು ಎಲ್ಲರೂ ನೋಡಿರುತ್ತೀರಿ. ಲೋಕಸಭೆಯಲ್ಲಿ ಅದು 376ನೇ ನಿಯಮ. ಸದನದ ನಿಯಮ ಅಥವಾ ಕಲಾಪಕ್ಕೆ ಸಂಬಂಧಿಸಿದ ಸಂವಿಧಾನದ ವಿಧಿ ಉಲ್ಲಂಘನೆ ಆಗುತ್ತಿದೆ ಅಂತ ತೋರಿಸುವುದಕ್ಕೆ ಮಾತ್ರ ಇದನ್ನು ಬಳಸಬೇಕು, ಅದೂ ಆ ಕ್ಷಣದಲ್ಲಿ ಸದನದ ಮುಂದಿರುವ ವಿಷಯದ ಮೇಲೆ. ಅದಕ್ಕೇ ಪೀಠದಲ್ಲಿರುವವರು ಥಟ್ಟನೆ "ಯಾವ ನಿಯಮ?" ಅಂತ ಕೇಳುವುದು. ಹೇಳಲು ಬಾರದಿದ್ದರೆ ಕೂರಬೇಕು. ಏನಕ್ಕೆ ಎತ್ತಬಾರದು ಅನ್ನುವುದನ್ನೂ ನಿಯಮವೇ ಹೇಳಿದೆ: ಮಾಹಿತಿ ಕೇಳುವುದಕ್ಕೆ ಆಗಲ್ಲ, ತನ್ನ ನಿಲುವು ವಿವರಿಸುವುದಕ್ಕೆ ಆಗಲ್ಲ, ಊಹೆಯ ಪ್ರಶ್ನೆಗೆ ಆಗಲ್ಲ, ಗೊತ್ತುವಳಿಯನ್ನು ಮತಕ್ಕೆ ಹಾಕುತ್ತಿರುವಾಗ ಆಗಲ್ಲ. ಮತ ವಿಭಜನೆಯ (ಅಂದರೆ ಮತ ಎಣಿಕೆಯ) ಗಂಟೆ ಬಾರಿಸಲಿಲ್ಲ, ನನಗೆ ಕೇಳಿಸಲಿಲ್ಲ ಅನ್ನುವ ತಕರಾರಿಗೂ ಅವಕಾಶ ಇಲ್ಲ! ಹಿಂದೆ ಯಾರೋ ಈ ತಕರಾರು ತೆಗೆದೇ ಇದನ್ನು ಬರೆದಿರಬೇಕು ಅನಿಸುತ್ತದೆ. ಕ್ರಿಯಾಲೋಪದ ಮೇಲೆ ಚರ್ಚೆ ಇಲ್ಲ, ಸ್ಪೀಕರ್ ಹೇಳಿದ್ದೇ ಅಂತಿಮ.

ಈ "ಅಂತಿಮ" ಅನ್ನುವುದರಲ್ಲೇ ಎಲ್ಲ ಇದೆ. ನಿಯಮ ಮುರಿದವರೇ ಪೀಠದಲ್ಲಿದ್ದಾರೆ ಅಂತ ಸದಸ್ಯರಿಗೆ ಅನಿಸಿದರೆ ಅವರು ಯಾರಿಗೆ ದೂರು ಕೊಡಬೇಕು? ಅದೇ ಪೀಠಕ್ಕೆ. ಪೀಠದವರನ್ನೇ ತೆಗೆಯಬೇಕು ಅಂದರೆ 14 ದಿನ ಮೊದಲೇ ನೋಟಿಸ್ ಕೊಡಬೇಕು. ಇದು ಹೇಗೆ ಕೆಲಸ ಮಾಡುತ್ತದೆ ಅಂತ ನೋಡಲು 2020ರ ಸೆಪ್ಟೆಂಬರ್ 20ಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ, ಹಾಗಾಗಿ ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಅವತ್ತು ಭಾನುವಾರ. ಕೋವಿಡ್ ಕಾಲವಾದ್ದರಿಂದ ರಾಜ್ಯಸಭೆ ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ ಮಾತ್ರ. ಎರಡು ಕೃಷಿ ಮಸೂದೆಗಳು ಚರ್ಚೆಯಲ್ಲಿದ್ದವು. ಪೀಠದಲ್ಲಿ ಉಪಸಭಾಪತಿ ಹರಿವಂಶ್. 1 ಗಂಟೆ ಹತ್ತಿರ ಬಂದಾಗ ಸಮಯ ವಿಸ್ತರಿಸಿ ಇವತ್ತೇ ಮುಗಿಸೋಣ ಅಂತ ಸರ್ಕಾರದ ಕಡೆ, ನಾಳೆಗೆ ಇಡಿ ಅಂತ ಪ್ರತಿಪಕ್ಷಗಳು. ಸಮಯ ವಿಸ್ತರಣೆಗೆ ಸದನದ ಒಮ್ಮತ ಬೇಕು ಅನ್ನುವುದು ರೂಢಿ. ಒಮ್ಮತ ಇರಲಿಲ್ಲ, ಆದರೂ ಕಲಾಪ ಮುಂದುವರಿಯಿತು. ಮುಂದಿನದು ಇನ್ನೂ ಮುಖ್ಯ. ಮಸೂದೆಗಳನ್ನು ವಿವರವಾಗಿ ಪರಿಶೀಲಿಸುವ ಆಯ್ಕೆ ಸಮಿತಿಗೆ ಕಳಿಸಿ ಅಂತ ಕೆ.ಕೆ. ರಾಗೇಶ್, ತಿರುಚ್ಚಿ ಶಿವ, ಡೆರೆಕ್ ಓಬ್ರಿಯಾನ್ ಮುಂತಾದ ಪ್ರತಿಪಕ್ಷ ಸದಸ್ಯರು ತಿದ್ದುಪಡಿ ಕೊಟ್ಟಿದ್ದರು. ಅವನ್ನು ಧ್ವನಿಮತಕ್ಕೆ ಹಾಕಲಾಯಿತು. ಪ್ರತಿಪಕ್ಷಗಳು ಮತ ವಿಭಜನೆ ಕೇಳಿದವು.

ಇಲ್ಲಿ ನಿಯಮ ಏನು? ರಾಜ್ಯಸಭೆಯಲ್ಲಿ 252, ಲೋಕಸಭೆಯಲ್ಲಿ 367. ಮೊದಲು ಧ್ವನಿಮತ. ಯಾವ ಕಡೆ ದನಿ ಜಾಸ್ತಿ ಅಂತ ಪೀಠ ಹೇಳುತ್ತದೆ. ಯಾರಾದರೂ ಅದನ್ನು ಒಪ್ಪದಿದ್ದರೆ ತಲೆ ಎಣಿಕೆಗೋ ಯಂತ್ರದ ಮತಕ್ಕೋ ಹೋಗಬೇಕು. ಇಷ್ಟು ಜನ ಕೇಳಿದರೆ ಮಾತ್ರ ಅಂತ ಸಂಖ್ಯೆ ಏನೂ ಇಲ್ಲ. ಅಂದರೆ ಧ್ವನಿಮತ ಅನ್ನುವುದು ಯಾರೂ ತಕರಾರು ಮಾಡದಿದ್ದಾಗ ಮಾತ್ರ ಸಾಕಾಗುವ ವಿಧಾನ. ಅವತ್ತು ಮತ ವಿಭಜನೆ ಆಗಲಿಲ್ಲ. ಸದನದಲ್ಲಿ ಶಾಂತಿ ಇರಲಿಲ್ಲ, ಮತ ವಿಭಜನೆ ಕೇಳುವವರು ತಮ್ಮ ಜಾಗದಲ್ಲಿ ಕೂತು ಕೇಳಬೇಕು ಅನ್ನುವುದು ಪೀಠದ ವಿವರಣೆ. ನಾವು ಜಾಗದಲ್ಲಿದ್ದೇ ಕೇಳಿದೆವು ಅನ್ನುವುದು ಪ್ರತಿಪಕ್ಷದವರ ವಾದ. ಸದಸ್ಯರು ಪೀಠದ ಹತ್ತಿರ ನುಗ್ಗಿದರು, ನಿಯಮ ಪುಸ್ತಕ ಎತ್ತಿ ತೋರಿಸಿದರು, ಕಾಗದ ಹರಿದರು, ಮೈಕ್ ಕಿತ್ತರು. ಅಷ್ಟರ ನಡುವೆಯೇ ಮಸೂದೆಗಳು ಧ್ವನಿಮತದಲ್ಲಿ ಪಾಸಾದವು.

ಮರುದಿನ ಎಂಟು ಸದಸ್ಯರ ಅಮಾನತು. ಅದರಲ್ಲಿ ಕರ್ನಾಟಕದಿಂದ ಆಯ್ಕೆಯಾದ ಸೈಯದ್ ನಾಸಿರ್ ಹುಸೇನ್ ಕೂಡ ಇದ್ದರು. ಉಪಸಭಾಪತಿ ವಿರುದ್ಧ ಕೊಟ್ಟ ಅವಿಶ್ವಾಸದ ನೋಟಿಸನ್ನು ಸಭಾಪತಿ ವೆಂಕಯ್ಯ ನಾಯ್ಡು ತಿರಸ್ಕರಿಸಿದರು. 14 ದಿನದ ಅವಧಿ ಇಲ್ಲ ಅನ್ನುವುದು ಅವರು ಕೊಟ್ಟ ಒಂದು ಕಾರಣ, ಅಧಿವೇಶನವೇ ಅದಕ್ಕಿಂತ ಮೊದಲು ಮುಗಿಯುವುದಿತ್ತು. ಅಮಾನತಾದವರು ರಾತ್ರಿಯಿಡೀ ಗಾಂಧಿ ಪ್ರತಿಮೆ ಎದುರು ಧರಣಿ ಕೂತರು, ಬೆಳಿಗ್ಗೆ ಹರಿವಂಶ್ ಅವರೇ ಚಹಾ ತೆಗೆದುಕೊಂಡು ಹೋದರು.

ಇದನ್ನು ನಾನು ಹೀಗೆ ಓದುತ್ತೇನೆ. ಮೈಕ್ ಕಿತ್ತದ್ದು ತಪ್ಪು, ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ಆದರೆ ಮತ ವಿಭಜನೆ ಅಂದರೆ ಅಲ್ಪಸಂಖ್ಯೆಯಲ್ಲಿರುವವರಿಗೆ ಪೀಠ ಕೊಡುವ ಉಪಕಾರ ಅಲ್ಲ. ಸೋಲುತ್ತೇವೆ ಅಂತ ಗೊತ್ತಿದ್ದರೂ ಯಾರು ಯಾವ ಕಡೆ ನಿಂತರು ಅನ್ನುವುದು ದಾಖಲಾಗಲಿ ಅಂತಲೇ ಅದನ್ನು ಕೇಳುತ್ತಾರೆ. ಗದ್ದಲ ಇದ್ದರೆ ಪೀಠ ಹತ್ತು ನಿಮಿಷ ಸದನ ಮುಂದೂಡಬಹುದಿತ್ತು. ಅದನ್ನು ಮಾಡದೆ ಎಣಿಕೆ ಇಲ್ಲದೆ ಪಾಸ್ ಮಾಡಿದ್ದರಿಂದ ಆ ಮಸೂದೆಗಳಿಗೆ ಎಷ್ಟು ಮತ ಬಿತ್ತು ಅಂತ ಇವತ್ತಿಗೂ ಯಾರೂ ತೋರಿಸಲಾರರು. ಮುಂದೆ 2021ರ ನವೆಂಬರ್ 29ರಂದು ಆ ಕಾಯ್ದೆಗಳನ್ನು ರದ್ದು ಮಾಡುವ ಮಸೂದೆ ಎರಡೂ ಸದನಗಳಲ್ಲಿ ಒಂದೇ ದಿನ, ಚರ್ಚೆಯೇ ಇಲ್ಲದೆ ಪಾಸಾಯಿತು. ಅದೇ ದಿನ ರಾಜ್ಯಸಭೆಯ 12 ಸದಸ್ಯರು ಹಿಂದಿನ ಅಧಿವೇಶನದ ವರ್ತನೆಗಾಗಿ ಅಮಾನತಾದರು.

ಶಿಸ್ತು ಕ್ರಮದ ಮೆಟ್ಟಿಲುಗಳಿಗೆ ಬರೋಣ. ಲೋಕಸಭೆಯಲ್ಲಿ 373ರ ಅಡಿ ಸ್ಪೀಕರ್ ಒಬ್ಬ ಸದಸ್ಯರಿಗೆ ಹೊರಗೆ ಹೋಗಿ ಅನ್ನಬಹುದು, ಅದು ಆ ದಿನದ ಮಟ್ಟಿಗೆ. 374ರಲ್ಲಿ ಸ್ಪೀಕರ್ ಅಡ್ಡಿ ಮಾಡಿದ ಸದಸ್ಯರ ಹೆಸರು ಹಿಡಿದು ಕರೆಯುತ್ತಾರೆ, ಆಮೇಲೆ ಸದನ ಗೊತ್ತುವಳಿ ಒಪ್ಪಿ ಅಮಾನತು ಮಾಡುತ್ತದೆ. ಇಲ್ಲಿ ಅಮಾನತು ಮಾಡುವುದು ಸದನ, ಸ್ಪೀಕರ್ ಅಲ್ಲ. ಗರಿಷ್ಠ ಅವಧಿ ಆ ಅಧಿವೇಶನ ಮುಗಿಯುವವರೆಗೆ. ಗೊತ್ತುವಳಿ ಮೇಲೆ ಚರ್ಚೆ ಇಲ್ಲ, ತಿದ್ದುಪಡಿ ಇಲ್ಲ. 2001ರಲ್ಲಿ 374ಎ ಸೇರಿತು. ಬಾವಿಗೆ ಬಂದು ಅಥವಾ ಘೋಷಣೆ ಕೂಗಿ ಕಲಾಪಕ್ಕೆ ಅಡ್ಡಿ ಮಾಡಿದರೆ ಸ್ಪೀಕರ್ ಹೆಸರು ಕರೆದ ಕೂಡಲೇ ಅಮಾನತು, ಗೊತ್ತುವಳಿಯೇ ಬೇಡ. ಅವಧಿ ಸತತ ಐದು ಬೈಠಕ್ (ಸದನ ಸೇರುವ ದಿನ) ಅಥವಾ ಅಧಿವೇಶನದ ಉಳಿದ ಭಾಗ, ಯಾವುದು ಕಡಿಮೆಯೋ ಅದು. ರಾಜ್ಯಸಭೆಯಲ್ಲಿ 255 ಮತ್ತು 256 ಇವೆ, 374ಎಗೆ ಸಮನಾದದ್ದು ಇಲ್ಲ. ಬಹುಆಯ್ಕೆ ಪ್ರಶ್ನೆಗೆ ಹೇಳಿ ಮಾಡಿಸಿದ ವ್ಯತ್ಯಾಸ ಇದು, ಗುರುತು ಹಾಕಿಕೊಳ್ಳಿ.

ಸಾಮೂಹಿಕ ಅಮಾನತು ಹೊಸದೇನಲ್ಲ, ಯಾವುದೋ ಒಂದು ಪಕ್ಷದ ಕಾಲದ್ದೂ ಅಲ್ಲ. 1989ರ ಮಾರ್ಚ್‌ನಲ್ಲಿ, ಇಂದಿರಾ ಗಾಂಧಿ ಹತ್ಯೆ ಕುರಿತ ಠಕ್ಕರ್ ಆಯೋಗದ ವರದಿಯ ವಿಚಾರವಾಗಿ ಗದ್ದಲ ಎದ್ದಾಗ, ಲೋಕಸಭೆಯಲ್ಲಿ ಒಂದೇ ದಿನ 63 ಸದಸ್ಯರನ್ನು ಅಮಾನತು ಮಾಡಿದ್ದರು. 2015ರ ಆಗಸ್ಟ್‌ನಲ್ಲಿ ಸ್ಪೀಕರ್ ಸುಮಿತ್ರಾ ಮಹಾಜನ್ 25 ಕಾಂಗ್ರೆಸ್ ಸದಸ್ಯರನ್ನು ಐದು ದಿನ ಹೊರಗಿಟ್ಟರು, ಅದು 374ಎ ಅಡಿ. ಈ ಎಲ್ಲ ಲೆಕ್ಕವನ್ನೂ ಮೀರಿಸಿದ್ದು 2023ರ ಡಿಸೆಂಬರ್. 13ರಂದು ಇಬ್ಬರು ಲೋಕಸಭೆಯ ಗ್ಯಾಲರಿಯಿಂದ ಕೆಳಗೆ ಹಾರಿ ಬಣ್ಣದ ಹೊಗೆ ಬಿಟ್ಟರು. ಗೃಹ ಸಚಿವರು ಸದನದಲ್ಲಿ ಹೇಳಿಕೆ ಕೊಡಲಿ ಅನ್ನುವುದು ಪ್ರತಿಪಕ್ಷಗಳ ಬೇಡಿಕೆ. ಸದನದ ಭದ್ರತೆ ಸ್ಪೀಕರ್ ವ್ಯಾಪ್ತಿಗೆ ಬರುತ್ತದೆ ಅನ್ನುವುದು ಸರ್ಕಾರದ ಉತ್ತರ. ಭಿತ್ತಿಪತ್ರ ಹಿಡಿದು ಬಾವಿಗಿಳಿದವರನ್ನು ಕಂತು ಕಂತಾಗಿ ಅಮಾನತು ಮಾಡಿದರು. ಡಿಸೆಂಬರ್ 18 ಒಂದೇ ದಿನ ಎರಡೂ ಸದನ ಸೇರಿ 78. ಕೊನೆಗೆ ಲೋಕಸಭೆಯ 100, ರಾಜ್ಯಸಭೆಯ 46, ಒಟ್ಟು 146.

ಆ ವಾರದ ಒಂದು ಸಣ್ಣ ವಿವರ ಗಮನಿಸಿ. ಡಿಸೆಂಬರ್ 14ರ ಪಟ್ಟಿಯಲ್ಲಿ ಅವತ್ತು ಸದನಕ್ಕೇ ಬಾರದಿದ್ದ ತಮಿಳುನಾಡಿನ ಒಬ್ಬ ಸದಸ್ಯರ ಹೆಸರೂ ಇತ್ತು, ಆಮೇಲೆ ತೆಗೆದರು. ಚರ್ಚೆ ಇಲ್ಲದ ಗೊತ್ತುವಳಿಯಲ್ಲಿ ಇಂಥ ತಪ್ಪನ್ನು ಅಲ್ಲೇ ಎತ್ತಿ ತೋರಿಸಲು ಯಾರಿಗೂ ಜಾಗ ಇರುವುದಿಲ್ಲ, ಅಲ್ವಾ? ಆ ಅಧಿವೇಶನದಲ್ಲಿ ಗೊತ್ತುವಳಿ ಮಂಡಿಸುವ ಕಡೆ ಧಾರವಾಡದ ಪ್ರಲ್ಹಾದ ಜೋಶಿ ಇದ್ದರು, ಆಗ ಅವರು ಸಂಸದೀಯ ವ್ಯವಹಾರ ಸಚಿವರು. ಕೊನೆಯ ಕಂತಿನಲ್ಲಿ ಅಮಾನತಾದವರಲ್ಲಿ ಬೆಂಗಳೂರು ಗ್ರಾಮಾಂತರದ ಡಿ.ಕೆ. ಸುರೇಶ್ ಇದ್ದರು. ಅಮಾನತು ಅಂದರೆ ಸುಮ್ನೆ ಹೊರಗೆ ಕೂರುವುದಲ್ಲ. ಸಮಿತಿ ಸಭೆಗೆ ಹೋಗುವ ಹಾಗಿಲ್ಲ, ನೋಟಿಸ್ ಕೊಡುವ ಹಾಗಿಲ್ಲ, ಕೇಳಿದ್ದ ಪ್ರಶ್ನೆಗಳೂ ಪಟ್ಟಿಯಿಂದ ಹೋಗುತ್ತವೆ. ಅದೇ ವಾರ ಭಾರತೀಯ ನ್ಯಾಯ ಸಂಹಿತೆ ಸೇರಿ ಮೂರು ಕ್ರಿಮಿನಲ್ ಕಾನೂನು ಮಸೂದೆಗಳು ಪಾಸಾದವು. ಇಡೀ ದೇಶದ ದಂಡ ಕಾನೂನು ಬದಲಾಗುವಾಗ ಪ್ರತಿಪಕ್ಷದ ಬೆಂಚುಗಳಲ್ಲಿ ಬಹುಪಾಲು ಖಾಲಿ. ಇದು ನನ್ನನ್ನು ಈಗಲೂ ಕಾಡುತ್ತದೆ.

ಇನ್ನು ಕಡತದಿಂದ ತೆಗೆಯುವುದು. ಲೋಕಸಭೆಯ 380ನೇ ನಿಯಮ: ಮಾನಹಾನಿಕರ, ಅಸಭ್ಯ, ಅಸಂಸದೀಯ, ಘನತೆಗೆ ತಕ್ಕುದಲ್ಲದ ಪದಗಳನ್ನು ತೆಗೆಯಲು ಸ್ಪೀಕರ್ ಆದೇಶಿಸಬಹುದು. ಮುದ್ರಿತ ಕಲಾಪದಲ್ಲಿ ಆ ಜಾಗದಲ್ಲಿ ನಕ್ಷತ್ರ ಚಿಹ್ನೆ, ಕೆಳಗೆ "ಪೀಠದ ಆದೇಶದಂತೆ ತೆಗೆಯಲಾಗಿದೆ" ಅನ್ನುವ ಅಡಿಟಿಪ್ಪಣಿ ಇರುತ್ತದೆ. "ದಾಖಲಿಸಿಲ್ಲ" ಅನ್ನುವ ಅಡಿಟಿಪ್ಪಣಿ ಬೇರೆ, ಅದು ಅನುಮತಿ ಇಲ್ಲದೆ ಆಡಿದ ಮಾತಿಗೆ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ಸದನದ ಸದಸ್ಯರಲ್ಲದವರ ಮೇಲೆ ಆಗಲಿ, ಸದಸ್ಯರ ಮೇಲೆ ಆಗಲಿ, ಆರೋಪ ಮಾಡುವುದಾದರೆ 353ರ ಪ್ರಕಾರ ಸ್ಪೀಕರ್‌ಗೂ ಸಚಿವರಿಗೂ ಮೊದಲೇ ತಿಳಿಸಿರಬೇಕು. 2023ರ ಫೆಬ್ರವರಿಯಲ್ಲಿ ಲೋಕಸಭೆಯಲ್ಲಿ ರಾಹುಲ್ ಗಾಂಧಿ ಅದಾನಿ ಬಗ್ಗೆ ಆಡಿದ ಮಾತುಗಳಲ್ಲಿ ಕೆಲವನ್ನು ತೆಗೆದರು, ರಾಜ್ಯಸಭೆಯಲ್ಲಿ ಮಲ್ಲಿಕಾರ್ಜುನ ಖರ್ಗೆ ಅವರ ಭಾಷಣದ ಭಾಗಗಳೂ ಹೋದವು. ಖರ್ಗೆ ಅದನ್ನು ಪ್ರಶ್ನಿಸಿ ಸಭಾಪತಿಗೆ ಪತ್ರ ಬರೆದರು. ತೆಗೆದ ಭಾಗವನ್ನು ಪತ್ರಿಕೆ ಅಚ್ಚು ಹಾಕಿದರೆ ಏನಾಗುತ್ತದೆ ಅನ್ನುವುದಕ್ಕೆ ಬಿಹಾರದ ಸರ್ಚ್‌ಲೈಟ್ ಪತ್ರಿಕೆಯ ಪ್ರಕರಣ ಓದಬೇಕು, ಅಲ್ಲಿ ಸುಪ್ರೀಂ ಕೋರ್ಟ್ ಸದನದ ಹಕ್ಕನ್ನೇ ಎತ್ತಿಹಿಡಿದಿತ್ತು. ಆದರೆ ಈಗ ಮಾತು ಬಾಯಿಂದ ಬಿದ್ದ ಕ್ಷಣವೇ ನೇರ ಪ್ರಸಾರ ಆಗುತ್ತದೆ. ಆದೇಶ ಬರುವಷ್ಟರಲ್ಲಿ ತುಣುಕು ಎಲ್ಲರ ಫೋನಿನಲ್ಲಿರುತ್ತದೆ.

ರಾಜ್ಯಸಭೆಯ 267 ಬಗ್ಗೆಯೂ ಒಂದಿಷ್ಟು. ಪಟ್ಟಿಯಲ್ಲಿರುವ ಕೆಲಸ ಬದಿಗಿಟ್ಟು ತುರ್ತು ವಿಷಯ ಎತ್ತಿಕೊಳ್ಳಲು ನಿಯಮವನ್ನೇ ಅಮಾನತಿನಲ್ಲಿಡಿ ಅನ್ನುವ ದಾರಿ ಇದು. 2016ರ ನವೆಂಬರ್‌ನಲ್ಲಿ ನೋಟು ರದ್ದತಿ ಚರ್ಚೆ ಹೀಗೆ ನಡೆಯಿತು. 2023ರ ಜುಲೈನಲ್ಲಿ ಮಣಿಪುರದ ಹಿಂಸಾಚಾರದ ಬಗ್ಗೆ ಪ್ರತಿಪಕ್ಷಗಳು 267 ಬೇಕು ಅಂದವು, ಸರ್ಕಾರ 176ರ ಅಲ್ಪಾವಧಿ ಚರ್ಚೆ ಸಾಕು ಅಂದಿತು. ಹೊರಗಿನವರಿಗೆ ಇದು ಬರೀ ಅಂಕಿ ಜಗಳ. ಒಳಗೆ ಪ್ರಶ್ನೆ ಇದ್ದದ್ದು ಬೇರೆ ಎಲ್ಲ ಕೆಲಸ ನಿಲ್ಲುತ್ತದೋ ಇಲ್ಲವೋ, ಚರ್ಚೆಗೆ ಎಷ್ಟು ಹೊತ್ತು ಸಿಗುತ್ತದೆ ಅನ್ನುವುದು. ದಿನಗಟ್ಟಲೆ ಕಲಾಪ ಹೋಯಿತು. ಕೊನೆಗೆ ಲೋಕಸಭೆಯಲ್ಲಿ ಅವಿಶ್ವಾಸ ಗೊತ್ತುವಳಿ ತಂದ ಮೇಲೆಯೇ ಪ್ರಧಾನಿ ಸದನದಲ್ಲಿ ಆ ಬಗ್ಗೆ ಮಾತನಾಡಿದ್ದು.

ನಡವಳಿಕೆಯ ಸಣ್ಣ ನಿಯಮಗಳನ್ನು ಒಮ್ಮೆ ಓದಿಕೊಂಡರೆ ಸಾಕು. ಸ್ಪೀಕರ್ ಎದ್ದು ನಿಂತರೆ ಉಳಿದವರು ಕೂರಬೇಕು, ಪೀಠಕ್ಕೂ ಮಾತಾಡುತ್ತಿರುವವರಿಗೂ ನಡುವೆ ಹಾದುಹೋಗಬಾರದು, ಇತ್ಯಾದಿ. ಭಾಷೆಯ ವಿಷಯ ಮಾತ್ರ ನಮಗೆ ಹತ್ತಿರದ್ದು. 120ನೇ ವಿಧಿ ಪ್ರಕಾರ ಕಲಾಪ ಹಿಂದಿ ಅಥವಾ ಇಂಗ್ಲಿಷಿನಲ್ಲಿ, ಬೇರೆ ಮಾತೃಭಾಷೆಗೆ ಪೀಠದ ಅನುಮತಿ ಬೇಕು. 1967ರಲ್ಲಿ ಶಿವಮೊಗ್ಗದಿಂದ ಗೆದ್ದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತನಾಡಿದರು. ಸ್ಪೀಕರ್ ಸಂಜೀವ ರೆಡ್ಡಿ ಅವಕಾಶ ಕೊಟ್ಟರು. ಪೀಠದ ವಿವೇಚನೆ ಬಾಗಿಲು ತೆರೆದ ಉದಾಹರಣೆ ಬೇಕಾದರೆ ಇದನ್ನು ಬಳಸಿ.

ಕೊನೆಗೆ 122ನೇ ವಿಧಿ ಮತ್ತು ಕೋರ್ಟ್. ಪ್ರಶ್ನೆ ಕೇಳಲು ಹಣ ಪಡೆದ ಪ್ರಕರಣದಲ್ಲಿ 2005ರಲ್ಲಿ 11 ಸದಸ್ಯರು ಉಚ್ಚಾಟನೆಯಾದರು. ರಾಜಾ ರಾಮ್ ಪಾಲ್ ಪ್ರಕರಣದ 2007ರ ತೀರ್ಪು ಉಚ್ಚಾಟನೆಯನ್ನು ಎತ್ತಿಹಿಡಿಯಿತು, ಆದರೆ ಒಂದು ಮಾತು ಸೇರಿಸಿತು: ಬರೀ ಲೋಪವಾದರೆ ಕೋರ್ಟ್ ಕೈ ಹಾಕುವುದಿಲ್ಲ, ಸಂವಿಧಾನಬಾಹಿರವಾಗಿದ್ದರೆ ಪರಿಶೀಲಿಸುತ್ತದೆ. ಇದರ ಮೇಲೆಯೇ ಮಹಾರಾಷ್ಟ್ರದ 12 ಶಾಸಕರ ಒಂದು ವರ್ಷದ ಅಮಾನತನ್ನು 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಅಧಿವೇಶನ ದಾಟಿದ ಅಮಾನತು ಶಿಸ್ತು ಕ್ರಮ ಅಲ್ಲ, ಕ್ಷೇತ್ರದ ಜನರಿಗೆ ಪ್ರತಿನಿಧಿಯೇ ಇಲ್ಲದ ಹಾಗೆ ಮಾಡುತ್ತದೆ ಅನ್ನುವುದು ತೀರ್ಪಿನ ತಿರುಳು. ಇದನ್ನು ಓದಿದ ಮೇಲೆ 2025ರ ಮಾರ್ಚ್ 21ಕ್ಕೆ ಬನ್ನಿ. ಅವತ್ತು ಕರ್ನಾಟಕ ವಿಧಾನಸಭೆ ಬಿಜೆಪಿಯ 18 ಶಾಸಕರನ್ನು ಆರು ತಿಂಗಳು ಅಮಾನತು ಮಾಡಿತು, ಮೇ ತಿಂಗಳಲ್ಲಿ ಅದನ್ನು ವಾಪಸ್ ಪಡೆಯಲಾಯಿತು. ಆರು ತಿಂಗಳು ಅನ್ನುವ ಅವಧಿ 2022ರ ತೀರ್ಪಿನ ಎದುರು ನಿಲ್ಲುತ್ತಿತ್ತೇ? ನನ್ನ ಪ್ರಕಾರ ನಿಲ್ಲುತ್ತಿರಲಿಲ್ಲ. ನೀವು ಒಪ್ಪದಿದ್ದರೆ ತೀರ್ಪು ಎದುರಿಗಿಟ್ಟುಕೊಂಡು ಒಂದು ಪುಟ ಬರೆದು ನೋಡಿ.